ಜೋಡಿ ಕಟ್ಟುವ ಪ್ರಶ್ನೆ

ಮೈಸೂರಿನ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕೆಲಸವೊಂದು ನಡೆಯುತ್ತದೆ. ಬಂದ ಪೈಲ್ವಾನರ ಮೈಕಟ್ಟು ನೋಡಿ, ತೂಕ ನೋಡಿ, ವಯಸ್ಸು ಮತ್ತು ಪಳಗಿಕೆಯನ್ನು ವಿಚಾರಿಸಿ, ಇಂಥವನಿಗೆ ಇಂಥವನು ಜೋಡಿ ಎಂದು ಹಿರಿಯರು ಗೊತ್ತುಮಾಡುತ್ತಾರೆ. ಜೋಡಿ ಸರಿಬಂದರೆ ಕುಸ್ತಿ ರಂಗೇರುತ್ತದೆ. ತಪ್ಪಿದರೆ ಒಬ್ಬನಿಗೆ ಅವಮಾನ, ಇನ್ನೊಬ್ಬನಿಗೆ ಬೇಸರ, ನೋಡುವವರಿಗೆ ನಷ್ಟ. ಯಾರ ಮನೆಯಲ್ಲಿ ಎಷ್ಟು ಎಕರೆ, ಯಾರು ಯಾವ ಕೇರಿಯವರು ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಜಾಗವಿರಕೂಡದು. ಕುಸ್ತಿಯ ನ್ಯಾಯ ಇಷ್ಟು ಸರಳವಾದುದು.

ಅಖಾಡದ ಹೊರಗೆ ನಮ್ಮ ಸಮಾಜ ಜೋಡಿ ಕಟ್ಟುವ ಕ್ರಮವೇ ಬೇರೆ. ಬೆಳಗಿನ ಹೊತ್ತು ಯಾವುದೇ ಊರಿನ ಕೆರೆ ಏರಿಯ ಮೇಲೆ ನಡೆಯುವವರನ್ನು ನೋಡಿರಿ. ಅಂಗಡಿಯವರ ಜೊತೆ ಅಂಗಡಿಯವರು, ನೌಕರರ ಜೊತೆ ನೌಕರರು, ಒಂದು ಜಾತಿಯವರ ಜೊತೆ ಅದೇ ಜಾತಿಯವರು. ಕಲ್ಲು ಒಡೆಯುವವನು ಅಲ್ಲಿ ಕಾಣುವುದೇ ಇಲ್ಲ. ಕಂಡರೂ ಏರಿಯ ಒಂದು ಅಂಚಿನಲ್ಲಿ ಕೆಲಸಕ್ಕೆ ಹೋಗುತ್ತಿರುತ್ತಾನೆ. ದೇಹವನ್ನು ಗಟ್ಟಿ ಮಾಡುವ ಹೊತ್ತಿನಲ್ಲಿಯೂ ನಾವು ಅಂತಸ್ತನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ. ಇದರಿಂದ ಕೆಡುವುದು ಬರಿಯ ಸ್ನೇಹವಲ್ಲ, ವ್ಯಾಯಾಮವೂ ಕೆಡುತ್ತದೆ ಎಂಬುದು ನಮ್ಮ ಈ ವಾರದ ವಿಷಯ.

ಇದನ್ನು ಓದುವ ಕಾರ್ಮಿಕ ಬಂಧುಗಳಲ್ಲಿ ಕೆಲವರು ನಗಬಹುದು. ಟೇಕಲ್ಲಿನ ಬಂಡೆಯಲ್ಲಿ ದಿನವೆಲ್ಲ ಸಮ್ಮಟಿಗೆ ಎತ್ತುವವನಿಗೆ, ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವವನಿಗೆ ಇನ್ನೆಂಥ ವ್ಯಾಯಾಮ? ಈ ಪ್ರಶ್ನೆ ನ್ಯಾಯವಾದುದು. ಉತ್ತರ ಮಾತ್ರ ಕಹಿಯಾದುದು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಾನುಗಟ್ಟಲೆ ಗಮನಿಸಿದ ವರದಿ 2021ರಲ್ಲಿ ಪ್ರಕಟವಾಯಿತು. ಬಿಡುವಿನ ಹೊತ್ತಿನಲ್ಲಿ ಮೈ ದಂಡಿಸಿದವರಿಗೆ ಹೃದ್ರೋಗ ಮತ್ತು ಸಾವಿನ ಅಪಾಯ ಕಡಿಮೆಯಾಗಿತ್ತು. ಕೂಲಿಗಾಗಿ ಮೈ ದಂಡಿಸಿದವರಿಗೆ ಹೆಚ್ಚಾಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ದುಡಿಮೆಯಲ್ಲಿ ಒಂದೇ ಕೀಲು, ಒಂದೇ ಸ್ನಾಯು, ಸಾವಿರ ಸಲ. ದಣಿದಾಗ ನಿಲ್ಲುವ ಹಕ್ಕು ದುಡಿಯುವವನಿಗಿಲ್ಲ. ಅದು ಮೇಸ್ತ್ರಿಯ ಕೈಲಿದೆ. ವ್ಯಾಯಾಮದಲ್ಲಿ ಆ ಹಕ್ಕು ನಮ್ಮದು. ದುಡಿಮೆ ಮೈಯನ್ನು ಸವೆಸುತ್ತದೆ, ವ್ಯಾಯಾಮ ಮೈಯನ್ನು ಕಟ್ಟುತ್ತದೆ. ಎರಡೂ ಬೆವರೇ, ಆದರೆ ಒಂದು ಬೆವರು ಮಾಲೀಕನದು, ಇನ್ನೊಂದು ನಮ್ಮದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕಲ್ಲಿನ ಧೂಳು ಎದೆಗೆ ಸೇರಿ ಉಬ್ಬಸ, ಒಣಕೆಮ್ಮು ಇರುವವರು ಯಾರ ಜೊತೆಗೂ ಹಠಕ್ಕೆ ಬಿದ್ದು ಕಸರತ್ತು ಮಾಡಕೂಡದು. ಅವರಿಗೆ ಮೊದಲು ಬೇಕಾದುದು ವೈದ್ಯರ ಪರೀಕ್ಷೆ. ಎಲ್ಲರಿಗೂ ಮೊದಲು ಬೇಕಾದುದು ಧೂಳು ಏಳದಂತೆ ನೀರು ಹಾಯಿಸಿ ಕಲ್ಲು ಕೊರೆಯುವ ವ್ಯವಸ್ಥೆ. ಗರಡಿಯನ್ನು ತೋರಿಸಿ ಧೂಳಿನ ಪ್ರಶ್ನೆಯನ್ನು ಮುಚ್ಚಿಹಾಕಲು ಯಾವ ಮಾಲೀಕನಿಗೂ ನಾವು ಅವಕಾಶ ಕೊಡಲಾರೆವು.

ಸಣ್ಣ ವ್ಯಾಪಾರಿಗಳ ಸ್ಥಿತಿ ಇದಕ್ಕೆ ತಿರುಗುಮುರುಗು. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೆ ಬೆವರೇ ಇಲ್ಲ. ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು. ನಮ್ಮ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ಮೈ ಆಡಿಸುತ್ತಿಲ್ಲವೆಂದು ಮರುವರ್ಷ ಇನ್ನೊಂದು ವರದಿ ಬಂತು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕು, ಎರಡು ದಿನವಾದರೂ ಸ್ನಾಯು ಬಲಿಯುವ ಕಸರತ್ತು ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಅರ್ಧ ಗಂಟೆಗಿಂತ ಕಡಿಮೆ! ಆದರೂ ಯುಗಾದಿಗೆ ಶುರುವಾದ ಕಸರತ್ತು ಶ್ರೀರಾಮನವಮಿಯ ಪಾನಕದ ಹೊತ್ತಿಗೆ ನಿಂತಿರುತ್ತದೆ. ಏಕೆ?

ಜೊತೆ ಇಲ್ಲದ್ದರಿಂದ ಎನ್ನುವುದು ನಮ್ಮ ಉತ್ತರ. ಇದಕ್ಕೆ ಆಧಾರವೂ ಉಂಟು. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಓಟ್ಟೋ ಕೋಲರ್ ಎಂಬ ವಿದ್ವಾಂಸ ದೋಣಿ ಹುಟ್ಟುಹಾಕುವವರ ಸಂಘದಲ್ಲಿ ಒಂದು ಪರೀಕ್ಷೆ ನಡೆಸಿದ. ಮೊದಲು ಒಬ್ಬೊಬ್ಬರ ಕೈಗೂ 41 ಕಿಲೋ ಭಾರದ ಸಲಾಕೆ ಕೊಟ್ಟು, ಸೋಲುವವರೆಗೂ ಎತ್ತಿ ಇಳಿಸಲು ಹೇಳಿದ. ಆಮೇಲೆ ಇಬ್ಬಿಬ್ಬರನ್ನು ಜೋಡಿಮಾಡಿ 82 ಕಿಲೋ ಕೊಟ್ಟ. ಇಬ್ಬರಲ್ಲಿ ಒಬ್ಬ ಕೈಬಿಟ್ಟರೆ ಇನ್ನೊಬ್ಬನಿಂದಲೂ ಆಗುವುದಿಲ್ಲ. ಹಾಗಿದ್ದಾಗ ನಡೆದುದೇನು? ಬಲ ಕಡಿಮೆ ಇದ್ದವನು ತಾನೊಬ್ಬನೇ ಇದ್ದಾಗ ಎತ್ತಿದ್ದಕ್ಕಿಂತ ಹೆಚ್ಚು ಹೊತ್ತು ಎತ್ತಿದ. ತನ್ನಿಂದ ಇನ್ನೊಬ್ಬನ ಕೆಲಸ ಕೆಡಬಾರದು ಎಂಬ ಛಲ ಅವನ ತೋಳಿಗೆ ಇಳಿಯಿತು. ಇಬ್ಬರ ಬಲದಲ್ಲಿ ಮಧ್ಯಮ ಅಂತರವಿದ್ದಾಗ ಈ ಲಾಭ ಹೆಚ್ಚು. ಇಬ್ಬರೂ ಸರಿಸಮವಾದರೆ ಕಡಿಮೆ. ಅಂತರ ಆನೆ ಆಡಿನಷ್ಟಾದರೂ ಕಡಿಮೆ.

ಟೇಕಲ್ಲಿನ ಕಲ್ಲುಕುಟಿಗರಿಗೆ ಇದನ್ನು ಬರ್ಲಿನ್ನಿನಿಂದ ತಂದು ಕಲಿಸಬೇಕಾಗಿಲ್ಲ. ಚಪ್ಪಡಿಗೆ ಹಗ್ಗ ಬಿಗಿದು, ಗಳುವಿಗೆ ಇಬ್ಬರು ಹೆಗಲು ಕೊಟ್ಟು ಹೊರುವಾಗ, ಹಿಂದಿನವನು ಕುಸಿದರೆ ಮುಂದಿನವನ ಕಾಲು ಮುರಿಯುತ್ತದೆ. ಆದ್ದರಿಂದಲೇ ಹಿಂದಿನವನು ಕುಸಿಯುವುದಿಲ್ಲ. ಒಬ್ಬ ಉಳಿ ಹಿಡಿದು ಇನ್ನೊಬ್ಬ ಸಮ್ಮಟಿಗೆ ಬೀಸುವಾಗ, ಹಿಡಿದವನ ನಂಬಿಕೆಯೇ ಬೀಸುವವನ ಗುರಿ. ತನ್ನ ಬಲ ಇನ್ನೊಬ್ಬನಿಗೆ ಬೇಕಾಗಿದೆ ಎಂದು ತಿಳಿದಾಗ ಮನುಷ್ಯ ತನ್ನ ಅಳತೆಯನ್ನು ಮೀರುತ್ತಾನೆ.

ಇದು ಬಲದ ಅಂತರದ ಮಾತಾಯಿತು. ಅಂತಸ್ತಿನ ಅಂತರ ಏನು ಮಾಡುತ್ತದೆ? ಇದನ್ನೂ ಪರೀಕ್ಷಿಸಿದವರುಂಟು. ಅಮೆರಿಕದ ಲೌಂಟ್ ಮತ್ತು ಫಿಲಿಪ್ಸ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಜೊತೆಗಾರ ತನಗಿಂತ ಬಲಶಾಲಿಯಾಗಿದ್ದು ತನ್ನ ಗುಂಪಿಗೆ ಸೇರದವನಾಗಿದ್ದರೆ, ಕಡಿಮೆ ಬಲದವನು ಇನ್ನೂ ಹೆಚ್ಚು ಶ್ರಮಪಡುತ್ತಾನೆ. ಹೊರಗಿನವನ ಮುಂದೆ ಸೋಲುವುದು ಅವನಿಗೆ ಹೆಚ್ಚು ನೋವು. ಇದನ್ನು ಓದಿ, ಭೇದವಿದ್ದರೇನೇ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಿಯಾರು. ಅಷ್ಟು ಸುಲಭವಾಗಿ ಒಪ್ಪಲು ನಾವು ಸಿದ್ಧರಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಭೇದ ಕೆಲವು ನಿಮಿಷದ್ದು. ಬಾಗಿಲು ದಾಟಿದರೆ ಇಬ್ಬರಿಗೂ ಸಂಬಂಧವಿಲ್ಲ. ನಮ್ಮ ಊರುಗಳಲ್ಲಿ ಭೇದ ಮನೆಯವರೆಗೆ ಹಿಂಬಾಲಿಸಿ ಬರುತ್ತದೆ, ಮರುದಿನವೂ ಕಾದಿರುತ್ತದೆ. ಹಠ ಒಂದು ಗಂಟೆ ನಡೆಸೀತು. ಒಂದು ವರ್ಷ ನಡೆಸುವುದಕ್ಕೆ ಗೌರವ ಬೇಕು.

ಕನ್ನಡನಾಡಿನಲ್ಲಿ ಹುಟ್ಟಿದ ಒಬ್ಬ ಮಹಾ ಆಟಗಾರನ ಬಾಳಿನಲ್ಲಿ ಇದನ್ನು ಕಾಣಬಹುದು. ಪಾಲ್ವಂಕರ್ ಬಾಳೂ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಕುಲದವರು. ಪುಣೆಯ ಬಿಳಿಯರ ಕ್ರಿಕೆಟ್ ಕ್ಲಬ್ಬಿನಲ್ಲಿ ತಿಂಗಳಿಗೆ ಕೆಲವು ರೂಪಾಯಿ ಸಂಬಳಕ್ಕೆ ನೆಲ ಹದ ಮಾಡುವ, ಬಲೆ ಕಟ್ಟುವ ಆಳಾಗಿದ್ದರು. ಅಲ್ಲಿಯ ಗ್ರೇಗ್ ಎಂಬ ಸೈನ್ಯಾಧಿಕಾರಿಗೆ ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡು ಎಸೆಯುವವನು ಬೇಕಾಗಿತ್ತು, ಬಾಳೂ ಎಸೆದರು. ತನ್ನನ್ನು ಔಟ್ ಮಾಡಿದಾಗಲೆಲ್ಲ ಆ ಅಧಿಕಾರಿ ಎಂಟಾಣೆ ಕೊಡುತ್ತಿದ್ದನೆಂದು ಹೇಳುತ್ತಾರೆ. ಆ ಅಭ್ಯಾಸದಿಂದ ಇಬ್ಬರೂ ಬೆಳೆದರು. ಆದರೆ ಬಾಳೂ ಕೈಗೆ ಬ್ಯಾಟು ಮಾತ್ರ ಬರಲಿಲ್ಲ; ಎಸೆಯುವುದು ಆಳಿನ ಕೆಲಸ, ಹೊಡೆಯುವುದು ದೊರೆಯ ಕೆಲಸ.

ಮುಂದೆ ಪುಣೆಯ ಹಿಂದೂ ತಂಡ ಬಾಳೂ ಅವರನ್ನು ಸೇರಿಸಿಕೊಂಡಿತು, ಗೆಲ್ಲುವ ಆಸೆಗೆ. ಮೈದಾನದಲ್ಲಿ ಮೇಲುಜಾತಿಯ ಆಟಗಾರರು ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಅವರಿಗೆ ಹೊರಗೆ, ಮಣ್ಣಿನ ಬಟ್ಟಲಿನಲ್ಲಿ ಚಹಾ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ಟು ತೆಗೆದ ಈ ವೀರನಿಗೆ ಹಿಂದೂ ತಂಡದ ನಾಯಕತ್ವ ದಕ್ಕಲಿಲ್ಲ. ಅವರ ತಮ್ಮ ವಿಠ್ಠಲನಿಗೆ ದಕ್ಕಿದ್ದು 1923ರಲ್ಲಿ. ಬಾಳೂ ಅಂಥವರು ಅವಮಾನವನ್ನು ನುಂಗಿ ನಿಂತರು. ನುಂಗಲಾರದೆ ಮೈದಾನ ಬಿಟ್ಟುಹೋದ ಸಾವಿರಾರು ಹುಡುಗರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಮೈದಾನದಲ್ಲಿ ಒಂದಾದರೆ ಸಾಲದು, ನೀರಿನ ಕೊಡದ ಬಳಿಯೂ ಒಂದಾಗಬೇಕು ಎಂಬುದು ಇದರ ಪಾಠ.

ಈಗ ನಮ್ಮ ಊರಿನ ಮಾತಿಗೆ ಬರೋಣ. ಟೇಕಲ್ಲಿನಲ್ಲಿ ಒಂದು ಸಾರ್ವಜನಿಕ ಗರಡಿ ಬೇಕು ಎಂಬುದು ನಮ್ಮ ಬೇಡಿಕೆ. ನಾಳೆಯೇ ಅದು ತೆರೆಯಿತೆಂದು ಇಟ್ಟುಕೊಳ್ಳೋಣ. ದಿನಸಿ ಅಂಗಡಿಯ ಶೆಟ್ಟರೂ ಬಂಡೆ ಕೆಲಸದ ಮುನಿಯಪ್ಪನೂ ಒಟ್ಟಿಗೆ ಬಸ್ಕಿ ಹೊಡೆಯಲು ನಿಲ್ಲುತ್ತಾರೆ. ಮುನಿಯಪ್ಪನ ಹೆಸರು ಶೆಟ್ಟರ ಉದ್ದರಿ ಪುಸ್ತಕದಲ್ಲಿದೆ. ಇಪ್ಪತ್ತು ಬಸ್ಕಿ ಮುಗಿಯುವಷ್ಟರಲ್ಲಿ, “ಏನಪ್ಪಾ, ಆ ಬಾಕಿ ಎಂದು ಕೊಡುತ್ತೀ?” ಎಂಬ ಮಾತು ಬರುತ್ತದೆ. ಶೆಟ್ಟರಲ್ಲಿ ದುರುದ್ದೇಶವೇನೂ ಇಲ್ಲದಿರಬಹುದು. ಅವರೂ ಸಗಟು ವ್ಯಾಪಾರಿಗೆ ಬಾಕಿ ಇರುವವರೇ. ಆದರೆ ಮುನಿಯಪ್ಪ ಮರುದಿನ ಬರುವುದಿಲ್ಲ. ಅವನು ಸೋಮಾರಿಯೆಂದು ಊರು ಹೇಳುತ್ತದೆ. ಅವನು ಓಡಿಹೋದದ್ದು ಬಸ್ಕಿಗೆ ಹೆದರಿ ಅಲ್ಲ, ಪುಸ್ತಕಕ್ಕೆ ಹೆದರಿ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಮೇಸ್ತ್ರಿ ಮತ್ತು ಕೂಲಿಯ ಜೋಡಿ ಇನ್ನೂ ಕಷ್ಟದ್ದು. ಜೀತ ಪದ್ಧತಿಯನ್ನು ಕಾನೂನು 1976ರಲ್ಲಿ ರದ್ದುಮಾಡಿತು. ಮುಂಗಡದ ಹಗ್ಗ ಮಾತ್ರ ಅಲ್ಲಲ್ಲಿ ಉಳಿದೇ ಇದೆ. ಮುಂಗಡ ತೆಗೆದುಕೊಂಡವನು ಕೊಟ್ಟವನ ಎದುರು ಹೆಚ್ಚು ದಂಡ ಹೊಡೆದರೆ, “ಮೈಯಲ್ಲಿ ಇಷ್ಟು ಕಸುವಿದೆಯಲ್ಲ, ನಾಳೆ ಹತ್ತು ಕಲ್ಲು ಹೆಚ್ಚಿಗೆ ಹೊಡೆ” ಎನ್ನಿಸಿಕೊಳ್ಳಬೇಕಾದೀತು. ಅಂಥವನು ತನ್ನ ಬಲವನ್ನು ಬಚ್ಚಿಡುತ್ತಾನೆ. ಬಲ ಬಚ್ಚಿಡುವವನು ಬಲ ಬೆಳೆಸಲಾರ. ಕಾರ್ಖಾನೆಯಲ್ಲಿಯೂ ಅಷ್ಟೆ; ಕಾಯಂ ಕೆಲಸಗಾರನಿಗೂ ಗುತ್ತಿಗೆ ಕೆಲಸಗಾರನಿಗೂ ಸಂಬಳ ಬೇರೆ, ಬಟ್ಟೆ ಬೇರೆ, ಊಟದ ಸಾಲು ಬೇರೆ. ಸಂಜೆ ಚೆಂಡಾಟಕ್ಕೆ ಮಾತ್ರ ಒಂದಾಗಿ ಎಂದರೆ ಆದೀತೆ?

ಇನ್ನು ಪೇಟೆಗಳಲ್ಲಿ ತಲೆಯೆತ್ತಿರುವ ಜಿಮ್ಮುಗಳು. ಅಲ್ಲಿ ಜಾತಿ ಕೇಳುವುದಿಲ್ಲ, ನಿಜ. ತಿಂಗಳ ಶುಲ್ಕ ಕೇಳುತ್ತಾರೆ, ಕಾಲಿಗೆ ಬೂಟು ಕೇಳುತ್ತಾರೆ. ನಾಲ್ಕು ಗೋಡೆಗೂ ಕನ್ನಡಿ. ಹರಿದ ಬನಿಯನ್ನಿನವನಿಗೆ ನಾಲ್ಕು ಕಡೆಯೂ ತನ್ನ ಹರುಕೇ ಕಾಣುತ್ತದೆ. ಸಾಲದ್ದಕ್ಕೆ ಪಕ್ಕದವನ ಕೈಯಲ್ಲಿ ಫೋಟೋ ತೆಗೆಯುವ ಫೋನು. ದುಡ್ಡು ಹೊಂದಿಸಿ ಸೇರಿದವನೂ ಎರಡು ತಿಂಗಳಿಗೆ ಬಿಡುತ್ತಾನೆ.

ಬೇರೊಂದು ದಾರಿ ಇದೆಯೆಂಬುದಕ್ಕೆ ನಮ್ಮ ಜಿಲ್ಲೆಯವರೇ ಸಾಕ್ಷಿ. ಮುಳಬಾಗಿಲು ಸೀಮೆಯ ದೇವರಾಯಸಮುದ್ರದ ಮಗ ಕೆ. ವಿ. ಅಯ್ಯರ್, ಅಂದರೆ ಕೋಲಾರದ ವೆಂಕಟೇಶ ಅಯ್ಯರ್, ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ ದೇಶಕ್ಕೆ ಹೆಸರಾದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೂ ಅವರೇ. ನಮ್ಮ ಸೂರ್ಯನಮಸ್ಕಾರವನ್ನೂ ಪಶ್ಚಿಮದ ಭಾರದ ಸಲಾಕೆಯನ್ನೂ ಕೂಡಿಸಿದ ಕ್ರಮ ಅವರದು. ದೂರದವರಿಗಾಗಿ ಅಂಚೆಯ ಮೂಲಕವೂ ಪಾಠ ಕಳಿಸಿದರು. ಒಳ್ಳೆಯ ದೇಹಕ್ಕೆ ಅರಮನೆಯೂ ಬೇಡ, ಜಹಗೀರೂ ಬೇಡ, ಕ್ರಮ ಬೇಕು ಎಂದು ಅವರ ಬಾಳು ತೋರಿಸಿತು. ಅಂಚೆಯಲ್ಲಿ ಕ್ರಮ ಬಂದೀತು, ಜೊತೆಗಾರ ಬರಲಾರ. ಆ ಉಳಿದ ಅರ್ಧವನ್ನು ಊರೇ ಒದಗಿಸಬೇಕು.

ಹೆಣ್ಣುಮಕ್ಕಳನ್ನು ಈ ಮಾತಿನಿಂದ ಹೊರಗಿಡುವುದು ತಪ್ಪು. 2012ರಲ್ಲಿ ಪ್ರಕಟವಾದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯವೊಂದರ ಪರೀಕ್ಷೆಯಲ್ಲಿ, ತಮಗಿಂತ ತುಸು ಬಲಶಾಲಿಯಾದ ಜೊತೆಗಾರ್ತಿಯಿದ್ದು, ತಾವು ನಿಂತರೆ ಇಬ್ಬರ ಆಟವೂ ನಿಲ್ಲುತ್ತದೆಂದು ತಿಳಿದ ಹೆಂಗಸರು, ಒಂಟಿಯಾಗಿ ಸೈಕಲ್ ತುಳಿದವರಿಗಿಂತ ಸುಮಾರು ಎರಡರಷ್ಟು ಹೊತ್ತು ತುಳಿದರು. ಆ ಜೊತೆಗಾರ್ತಿ ಕಾಣಿಸಿದ್ದು ಪರದೆಯ ಮೇಲೆ ಮಾತ್ರ! ರೇಷ್ಮೆ ನೂಲು ಬಿಚ್ಚುವ, ಇಟ್ಟಿಗೆ ಹೊರುವ ನಮ್ಮ ಅಕ್ಕಂದಿರಿಗೆ ಬೆನ್ನುನೋವು, ರಕ್ತಹೀನತೆ ಉಂಟು. ಅವರಿಗಾಗಿ ಮೀಸಲಾದ ಒಂದು ಗಂಟೆ, ಬೆಳಕಿರುವ ಒಂದು ಮೈದಾನ ಎಲ್ಲಿದೆ?

ಹೊತ್ತಿನ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರಾದರು. ಅದೇ ರೈಲು ಟೇಕಲ್ಲನ್ನೂ ಮಾಲೂರನ್ನೂ ಹಾದು ಹೋಗುತ್ತದೆ. ನಸುಕಿನಲ್ಲಿ ಹೋಗಿ ರಾತ್ರಿ ಬರುವವನಿಗೆ ಯಾವ ಜೋಡಿ, ಯಾವ ಗರಡಿ? ಕಾರ್ಖಾನೆಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ದಾರಿಮಾಡುವ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ 2023ರಲ್ಲಿ ಅಂಗೀಕರಿಸಿತು. ಎಂಟು ಗಂಟೆ ಕೆಲಸ, ಎಂಟು ಗಂಟೆ ನಿದ್ರೆ, ಎಂಟು ಗಂಟೆ ನಮ್ಮದು ಎಂದು ಕಾರ್ಮಿಕರು ಹೋರಾಡಿದ್ದು ಆ ಮೂರನೆಯ ಎಂಟಕ್ಕಾಗಿ. ಅದನ್ನು ಕಸಿದುಕೊಂಡು “ಆರೋಗ್ಯ ಕಾಪಾಡಿಕೊಳ್ಳಿ” ಎಂದು ಗೋಡೆಗೆ ಚೀಟಿ ಅಂಟಿಸಿದರೆ ಅದು ಪರಿಹಾಸ್ಯವಲ್ಲದೆ ಬೇರೇನೂ ಅಲ್ಲ.

ಆದ್ದರಿಂದ ಟೇಕಲ್ಲಿನ ಗರಡಿಗೆ ನಾವು ಈ ಐದು ನಿಯಮಗಳನ್ನು ಸೂಚಿಸುತ್ತೇವೆ.

ಒಂದು: ಜಾಗ ಪಂಚಾಯಿತಿಯದಾಗಲಿ, ಸರ್ಕಾರಿ ಶಾಲೆಯದಾಗಲಿ ಆಗಿರಬೇಕು. ಒಬ್ಬ ಧಣಿಯ ಹಿತ್ತಲು ಬೇಡ, ಒಂದು ಜಾತಿಯ ಛತ್ರವೂ ಬೇಡ. ಸಾರ್ವಜನಿಕ ಸ್ಥಳದಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು 1950ರಿಂದ ಸಂವಿಧಾನವೇ ಹೇಳುತ್ತಿದೆ.

ಎರಡು: ಜೋಡಿಯನ್ನು ಬಲ, ವಯಸ್ಸು ಮತ್ತು ಬಿಡುವಿನ ಹೊತ್ತು ನೋಡಿ ಕಟ್ಟಬೇಕು. ಒಬ್ಬ ಇನ್ನೊಬ್ಬನಿಗಿಂತ ತುಸು ಮುಂದಿರಲಿ. ತಿಂಗಳಿಗೊಮ್ಮೆ ಜೋಡಿ ಬದಲಾಗಲಿ. ಮೇಸ್ತ್ರಿಯನ್ನೂ ಅವನ ಕೈಕೆಳಗಿನವನನ್ನೂ ಜೋಡಿಮಾಡುವುದು ಬೇಡ.

ಮೂರು: ನೀರಿನ ಕೊಡ ಒಂದೇ, ಲೋಟ ಒಂದೇ. ನೆಲ ಗುಡಿಸುವುದು, ಮಟ್ಟಿ ಹದಮಾಡುವುದು ಸರದಿಯ ಮೇಲೆ. ಶೆಟ್ಟರ ಸರದಿ ಬಂದರೆ ಶೆಟ್ಟರೇ ಗುಡಿಸಬೇಕು, ಆಳನ್ನು ಕಳಿಸಕೂಡದು.

ನಾಲ್ಕು: ಬಾಕಿ, ಮುಂಗಡ, ಕೂಲಿಯ ಲೆಕ್ಕದ ಮಾತು ಗರಡಿಯೊಳಗೆ ನಿಷಿದ್ಧ.

ಐದು: ಒಬ್ಬ ಮೂರು ದಿನ ಬಾರದಿದ್ದರೆ ಅವನ ಜೋಡಿಗಾರ ಮನೆಗೆ ಹೋಗಿ ವಿಚಾರಿಸಬೇಕು.

ಐದನೆಯದೇ ನಮ್ಮ ಮುಖ್ಯ ನಿಯಮ. ಮೇಲುನೋಟಕ್ಕೆ ಅದು ಚಿಕ್ಕದು. ಅದನ್ನು ನಡೆಸಬೇಕಾದರೆ ಅಂಗಡಿಬೀದಿಯವನು ದಲಿತ ಕೇರಿಗೆ ಹೋಗಬೇಕು, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಬೇಕು, ಕೊಟ್ಟ ನೀರನ್ನು ಕುಡಿಯಬೇಕು. ಕೇರಿಯವನು ಅಂಗಡಿಬೀದಿಗೆ ಬಂದಾಗ ಜಗಲಿಯ ಕೆಳಗೆ ನಿಲ್ಲದೆ ಒಳಗೆ ಬರಬೇಕು, ಬಾ ಎನ್ನಿಸಿಕೊಳ್ಳಬೇಕು. ಸಹಭೋಜನದ ಸಭೆಗಳನ್ನು ನಾವು ಬಹಳ ನೋಡಿದ್ದೇವೆ. ವರ್ಷಕ್ಕೊಂದು ದಿನ ಎಲೆ ಹಾಕಿ, ಮರುದಿನ ಹಳೆಯ ಪಾಡು. ವ್ಯಾಯಾಮ ದಿನದಿನದ ಕೆಲಸ. ದಿನವೂ ತನ್ನನ್ನು ಕಾಯುವ ಒಬ್ಬ ಮನುಷ್ಯನನ್ನು ಕೀಳೆಂದು ಎಣಿಸುವುದು ಎಂಥವನಿಗೂ ಕಷ್ಟವಾಗುತ್ತಾ ಬರುತ್ತದೆ ಎಂಬ ನಂಬಿಕೆ ನಮ್ಮದು.

ಇದಕ್ಕೆ ಬೇಕಾಗುವ ಹಣ ಅಲ್ಪ. ಒಂದು ಗಾಡಿ ಕೆಮ್ಮಣ್ಣು, ನಾಲ್ಕು ಲೋಡು, ಎರಡು ಗದೆ, ಒಂದು ದೀಪ. ಎತ್ತುವ ಗುಂಡುಕಲ್ಲಿಗಂತೂ ಟೇಕಲ್ಲಿನಲ್ಲಿ ಬರವಿಲ್ಲ. ಅದನ್ನು ಕಡೆದು ಕೊಡುವ ಕೈಗಳೂ ಅಲ್ಲಿಯೇ ಇವೆ. ಶಾಲೆಯ ಮೈದಾನವನ್ನು ಸಂಜೆ ತೆರೆಯಿರಿ, ದೀಪ ಹಾಕಿಸಿರಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು. ಕೇಳುವಾಗ ಒಬ್ಬರೇ ಏಳಬೇಡಿ. ಒಬ್ಬ ಬಂಡೆ ಕೆಲಸದವನು ಮತ್ತು ಒಬ್ಬ ಅಂಗಡಿಯವನು ಕೂಡಿ ಏಳಿರಿ. ಮೊದಲ ಜೋಡಿ ಅಲ್ಲಿಯೇ ಕಟ್ಟಿದಂತಾಗುತ್ತದೆ.